ಗಿಡಕ್ಕಿಂತ ಮೊದಲು ಮಣ್ಣು

(ಕಲಿಕಾ ಕೇಂದ್ರದಲ್ಲಿ ಮಾಡಿದ ಭಾಷಣ)



ಇವತ್ತು ಒಂದು ಪ್ರಶ್ನೆಯಿಂದ ಶುರು ಮಾಡೋಣ. ನಿಮ್ಮ ಮನಿ ಕಟ್ಟುವಾಗ ಪಾಯದೊಳಗ ಏನು ತುಂಬಿದಿರಿ? ಗರಸು. ಮನಿ ಮುಂದಿನ ರಸ್ತೆಗೆ ಏನು ಹಾಕಿದರು? ಕೆಳಗ ಗರಸು, ಅದರ ಮೇಲೆ ಕಡಿ, ಅದರ ಮೇಲೆ ಡಾಂಬರು. ಈ ಗರಸು, ಈ ಕಡಿ ಎಲ್ಲಿಂದ ಬಂತು? ಟ್ರ್ಯಾಕ್ಟರಿನಾಗ ಬಂತು ಅಂತೀರಿ. ಟ್ರ್ಯಾಕ್ಟರಿಗೆ ಎಲ್ಲಿಂದ ಬಂತು? ಯಾವುದೋ ಮಡ್ಡಿಯಿಂದ ಬಂತು. ಆ ಮಡ್ಡಿ ಈಗ ಹೆಂಗೈತಿ?

ಈ ಕೊನೆಯ ಪ್ರಶ್ನೆಗೆ ಉತ್ತರ ಹೇಳುವವರು ಕಡಿಮೆ. ದನ ಕಾಯುವವರು ಹೇಳ್ತಾರ. ಕಟ್ಟಿಗೆ ತರಲು ಹೋಗುವ ಹೆಣ್ಮಕ್ಕಳು ಹೇಳ್ತಾರ. ಉಳಿದವರು ಆ ಕಡೆ ಹೋಗುವುದೇ ಇಲ್ಲ.

ವಿಜಯಪುರ ನಗರದಿಂದ ತಿಕೋಟಾ ಮೇಲೆ ಅಥಣಿ ಕಡೆ ಹೋಗ್ರಿ. ಇಲ್ಲಾ ಬಬಲೇಶ್ವರದ ಮೇಲೆ ಜಮಖಂಡಿ ಕಡೆ ಹೋಗ್ರಿ. ಎರಿ ಹೊಲ ಮುಗಿದು ಮಡ್ಡಿ ಬಂದಲ್ಲಿ ಗರಸು ತೆಗೆದ ಗುಂಡಿಗಳು ಕಾಣ್ತಾವ. ಕಲ್ಲಿನ ಖಣಿಗಳೂ ಕಾಣ್ತಾವ. ಬ್ಯಾಸಗಿಯಲ್ಲಿ ಅವು ಒಣ ಬಾಯಿ ತೆರೆದು ಕೂತಿರ್ತಾವ. ಮಳಿಗಾಲದಲ್ಲಿ ನೀರು ನಿಲ್ತದ. ದಂಡಿಗೆ ನಾಲ್ಕು ಬಳ್ಳಾರಿ ಜಾಲಿ. ನಡುವೆ ಒಂದು ಕಡ್ಡಿ ಹುಲ್ಲು ಇಲ್ಲ.

ನೆಲ ಅಗಿಯಬ್ಯಾಡ್ರಿ ಅಂತ ಹೇಳಲು ನಾನು ಬಂದಿಲ್ಲ. ನಮ್ಮ ಊರೇ ಕಲ್ಲಿನಿಂದ ಎದ್ದ ಊರು. ಗೋಳಗುಮ್ಮಟದೊಳಗ ಮಲಗಿದ ಮುಹಮ್ಮದ್ ಆದಿಲ್‌ಶಾಹ ತೀರಿಕೊಂಡದ್ದು 1656ರಲ್ಲಿ. ಆ ಗುಮ್ಮಟದ ಗೋಡೆ, ನಗರದ ಕೋಟೆ, ತಾಜ್ ಬಾವಡಿ, ಎಲ್ಲಾ ನಮ್ಮ ನೆಲದ ಕರಿಕಲ್ಲೇ. ಆಗ ಸುತ್ತಿಗಿ, ಉಳಿ, ಎತ್ತಿನ ಗಾಡಿ ಇದ್ದವು. ಒಂದು ಖಣಿ ಮುಗಿಯಲು ಒಬ್ಬನ ಆಯುಷ್ಯ ಬೇಕಾಗ್ತಿತ್ತು. ಈಗ ಜೆಸಿಬಿ ಬಂದೈತಿ. ಸೋಮವಾರ ಇದ್ದ ದಿಬ್ಬ ಶನಿವಾರಕ್ಕೆ ಇಲ್ಲ. ಮನಿ ಬೇಕು, ರಸ್ತೆ ಬೇಕು, ಕಾಲುವೆ ಬೇಕು. ಆದ್ರ ತೆಗೆದವರು ಹೋದ ಮೇಲೆ ಆ ನೆಲ ಯಾರದು? ಬಹಳ ಕಡೆ ಅದು ಊರಿನ ಗಾಯರಾಣ. ಅಂದ್ರ ಊರ ದನದ ಹುಲ್ಲುಗಾವಲು. ಹೊಲ ಇಲ್ಲದವರ ಆಡು, ಎಮ್ಮಿ ಅದರ ಮೇಲೇ ಬದುಕಿದ್ದವು.

ಅಲ್ಲಿ ಯಾಕ ಏನೂ ಬೆಳೆಯುವುದಿಲ್ಲ? ಇದನ್ನು ತಿಳಿದುಕೊಂಡರೆ ಅರ್ಧ ಕೆಲಸ ಆದಂಗ.

ಹಾಲು ಕಾಸಿ ಇಟ್ಟರೆ ಮೇಲೆ ಕೆನಿ ಕಟ್ಟುತ್ತದೆ. ಭೂಮಿಯ ಮೇಲಿನ ಮಣ್ಣು ಆ ಕೆನಿ ಇದ್ದಂಗ. ನಮ್ಮ ಮಡ್ಡಿಯಲ್ಲಿ ಈ ಕೆನಿ ಬಹಳ ತೆಳುವು. ಕೆಲವು ಕಡೆ ಗೇಣು, ಕೆಲವು ಕಡೆ ನಾಲ್ಕು ಬೆರಳು. ಅದರ ಕೆಳಗೆ ಗರಸು, ಗರಸಿನ ಕೆಳಗೆ ಬಂಡೆ. ಬಂಡೆ ಕರಗಿ ಗರಸು ಆಗಬೇಕು. ಗರಸು ಕರಗಿ ಮಣ್ಣಾಗಬೇಕು. ಅದರೊಳಗ ಹುಲ್ಲು, ಎಲೆ, ಬೇರು ಕೊಳೆಯಬೇಕು. ಹುಳ ಬರಬೇಕು. ಒಂದು ಇಂಚು ಮಣ್ಣು ಆಗಲು ನೂರಾರು ವರ್ಷ ಬೇಕು.

ಗರಸು ಬೇಕಾದವನು ಮೊದಲು ಈ ಕೆನಿಯನ್ನು ಕಿತ್ತು ಬದಿಗೆ ಚೆಲ್ಲುತ್ತಾನೆ. ಅವನಿಗೆ ಅದು ಕಸ. ಮಳಿ ಬಂದು ಆ ಮಣ್ಣನ್ನು ಹಳ್ಳಕ್ಕೆ ಒಯ್ಯುತ್ತದೆ. ಉಳಿದದ್ದು ಬರೀ ಗರಸಿನ ತಳ. ಅದರ ಮೇಲೆ ಟಿಪ್ಪರ್ ಓಡಾಡಿ ನೆಲ ಗಟ್ಟಿಯಾಗಿರುತ್ತದೆ. ಹಾರೆ ಹಾಕಿದರೆ ಕಿಡಿ ಬರಬೇಕು, ಅಷ್ಟು ಗಟ್ಟಿ. ಬಿದ್ದ ನೀರು ಇಳಿಯುವುದಿಲ್ಲ. ಇಳಿದ ನೀರು ನಿಲ್ಲುವುದಿಲ್ಲ. ಬೇರಿಗೆ ಉಣ್ಣಲು ಅನ್ನ ಇಲ್ಲ. ಇಂಥಲ್ಲಿ ಜೂನ್ 5ಕ್ಕೆ ಹೋಗಿ ಒಂದು ಫೂಟು ತಗ್ಗು ತೋಡಿ, ಬೇವಿನ ಸಸಿ ನೆಟ್ಟು, ಫೋಟೋ ತೆಗೆಸಿಕೊಂಡು ಬಂದರೆ ಏನಾಗ್ತದ? ದೀಪಾವಳಿಗೆ ಹೋಗಿ ನೋಡ್ರಿ. ಕಡ್ಡಿ ನಿಂತಿರ್ತದ, ಎಲೆ ಇರೂದಿಲ್ಲ.

ನಮ್ಮ ಜಿಲ್ಲೆಯಲ್ಲಿ 2016ರಲ್ಲಿ ಕೋಟಿ ವೃಕ್ಷ ಅಭಿಯಾನ ಶುರುವಾಯಿತು. ಕಾಡು ಬಹಳ ಕಡಿಮೆ ಇರುವ ಜಿಲ್ಲೆ ನಮ್ಮದು. ಸಸಿ ಹಚ್ಚುವ ಉಮೇದು ಒಳ್ಳೆಯದೇ. ಹೊಲದ ಬದುವಿಗೆ, ಶಾಲೆಯ ಅಂಗಳಕ್ಕೆ, ರಸ್ತೆ ಬದಿಗೆ ಹಚ್ಚಿದರೆ ಸಸಿ ಬರ್ತದ. ಯಾಕಂದ್ರ ಅಲ್ಲಿ ಮಣ್ಣು ಐತಿ. ಅಗೆದು ಬಿಟ್ಟ ಗುಂಡಿಯ ಮಾತೇ ಬೇರೆ. ಅಲ್ಲಿ ಗಿಡಕ್ಕಿಂತ ಮೊದಲು ಮಣ್ಣು ಮಾಡಬೇಕು.

ಮಣ್ಣು ಮಾಡಲು ಬರ್ತದೇನ್ರಿ ಅಂತ ಕೇಳಬಹುದು. ಬರ್ತದ. ನಮ್ಮ ರಾಜ್ಯದಲ್ಲೇ ದೊಡ್ಡ ಪ್ರಮಾಣದಲ್ಲಿ ಈ ಕೆಲಸ ಹಿಡಿದ ಜಾಗ ಒಂದೈತಿ. ಬಳ್ಳಾರಿ ಜಿಲ್ಲೆಯ ಸಂಡೂರು.

ಸಂಡೂರಿನಲ್ಲಿ ತೆಗೆಯುವುದು ಗರಸಲ್ಲ, ಕಬ್ಬಿಣದ ಅದಿರು. ಅದಿರು ಅಂದ್ರ ಕಬ್ಬಿಣ ಬೆರೆತ ಕಲ್ಲು. 2000ದ ನಂತರದ ವರ್ಷಗಳಲ್ಲಿ ಚೀನಾ ದೇಶಕ್ಕೆ ಅದಿರು ಮಾರುವ ಭರಾಟೆ ಎದ್ದಿತು. ಗುಡ್ಡಗಳನ್ನು ಸೀಳಿದರು. ಬೇಡಾದ ಕಲ್ಲುಮಣ್ಣನ್ನು ಗುಡ್ಡದ ಪಕ್ಕಕ್ಕೆ ಸುರಿದರು. ಮಳೆ ಬಂದಾಗ ಆ ಕೆಂಪು ರಾಡಿ ಹಳ್ಳಕ್ಕೆ, ಕೆರೆಗೆ, ಹೊಲಕ್ಕೆ ಇಳಿಯಿತು. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಎಂಬ ಸಂಸ್ಥೆ 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 2011ರ ಜುಲೈ 29ರಂದು ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಮುಂದಿನ ತಿಂಗಳು ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಗಳೂ ನಿಂತವು. 2013ರ ಏಪ್ರಿಲ್ 18ರಂದು ತೀರ್ಪು ಬಂತು. ಮತ್ತೆ ಗಣಿ ತೆರೆಯಬೇಕಾದರೆ ಕೆಟ್ಟ ನೆಲ ಸರಿಪಡಿಸುವ ಯೋಜನೆ ಇರಲೇಬೇಕು ಎಂದಿತು ಕೋರ್ಟು. ಯೋಜನೆ ಬರೆಯುವ ಕೆಲಸ ಭಾರತೀಯ ಅರಣ್ಯ ಸಂಶೋಧನೆ ಮತ್ತು ಶಿಕ್ಷಣ ಪರಿಷತ್ತಿಗೆ ಬಂತು.

ಆ ಯೋಜನೆಯಲ್ಲಿ ಏನಿತ್ತು? ಮೊದಲು ಸುರಿದ ಮಣ್ಣಿನ ದಿಬ್ಬದ ಬುಡಕ್ಕೆ ಕಲ್ಲಿನ ಗೋಡೆ. ಮಣ್ಣು ಜಾರಬಾರದು ಅಂತ. ಆಮೇಲೆ ದಿಬ್ಬದ ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯುವುದು. ಹಳ್ಳಕ್ಕೆ ಅಡ್ಡ ಸಣ್ಣ ಸಣ್ಣ ಒಡ್ಡು. ಆಮೇಲೆ ಇಳಿಜಾರಿನ ಮೇಲೆ ತೆಂಗಿನ ನಾರಿನ ಜಾಳಿಗೆ ಹಾಸುವುದು. ಅದರಲ್ಲಿ ಹುಲ್ಲಿನ ಬೀಜ. ನಾರು ಮಣ್ಣನ್ನು ಹಿಡಿದಿರುತ್ತದೆ. ಅಷ್ಟರಲ್ಲಿ ಹುಲ್ಲು ಬೇರು ಬಿಡುತ್ತದೆ. ಎರಡು ಮೂರು ವರ್ಷಕ್ಕೆ ನಾರು ಕೊಳೆತು ಅದೇ ಗೊಬ್ಬರ ಆಗುತ್ತದೆ. ಮರದ ಸಸಿಯ ಪಾಳಿ ಇವೆಲ್ಲದರ ನಂತರ. ಈ ಕ್ರಮ ನೆನಪಿಡ್ರಿ: ಮಣ್ಣು ನಿಲ್ಲಿಸೂದು, ನೀರು ನಿಲ್ಲಿಸೂದು, ಹುಲ್ಲು, ಆಮೇಲೆ ಮರ.

ಸಂಡೂರಿನಾಗ ಎಲ್ಲಾ ಸರಿಹೋಗೈತಿ ಅಂತ ನಾನು ಹೇಳೂದಿಲ್ಲ. ಸೀಳಿದ ಗುಡ್ಡ ಮತ್ತೆ ಕೂಡೂದಿಲ್ಲ. ಆದ್ರ ತೆಗೆದವನೇ ಸರಿಪಡಿಸಬೇಕು ಎಂಬ ಮಾತು ಕಾಗದದ ಮೇಲೆ ಬಂತು. ಅದು ಸಣ್ಣದಲ್ಲ.

ಈಗ ನಮ್ಮ ಗುಂಡಿಗೆ ಬರೋಣ. ನಮ್ಮಲ್ಲಿ ವರ್ಷಕ್ಕೆ ಬೀಳುವ ಮಳಿ 600 ಮಿಲಿಮೀಟರ್ ಆಸುಪಾಸು. ಅದೂ ನೆಚ್ಚಿಗೆ ಇಲ್ಲದ ಮಳಿ. ಮಲೆನಾಡಿನಾಗ ಮಾಡಿದಂಗ ಇಲ್ಲಿ ಮಾಡಿದರ ನಡಿಯೂದಿಲ್ಲ.

ಮೊದಲ ಕೆಲಸ ಗುಂಡಿಯ ದಂಡಿ ಒಡೆಯುವುದು. ನೆಟ್ಟಗೆ ಗೋಡೆಯಂತೆ ನಿಂತ ಗರಸಿನ ದಂಡೆ ಯಾವಾಗ ಬೇಕಾದರೂ ಕುಸಿಯುತ್ತದೆ. ಅದರ ಕೆಳಗೆ ಆಡು ಕಾಯುವ ಹುಡುಗರು ನೆರಳಿಗೆ ಕೂಡ್ತಾರ. ಆ ದಂಡೆ ಒಡೆದು ಇಳಿಜಾರು ಮಾಡಬೇಕು. ಒಂದು ಫೂಟು ಎತ್ತರಕ್ಕೆ ಮೂರು ಫೂಟು ಉದ್ದ ಬಂದರೆ ಚಲೋ. ದನ ಇಳಿದು ಹತ್ತಲು ಬರಬೇಕು, ಅಷ್ಟು ಸಾಕು. ಜೊತೆಗೆ ಟಿಪ್ಪರ್ ತುಳಿದ ತಳವನ್ನು ಒಂದು ಫೂಟು ಆಳಕ್ಕೆ ಸೀಳಬೇಕು. ಅಗೆದ ಜೆಸಿಬಿಯೇ ಇದನ್ನೂ ಮಾಡಬಲ್ಲದು. ಹೋಗುವ ಮುಂಚೆ ಒಂದು ದಿನ ಮಾಡಿ ಹೋಗು ಅಂದರೆ ಅದರ ಖರ್ಚು ಬಹಳ ಆಗುವುದಿಲ್ಲ. ಹೋದ ಮೇಲೆ ಕರೆದರೆ ಯಾರೂ ಬರೂದಿಲ್ಲ.

ಎರಡನೆಯದು ಟ್ರೆಂಚು. ಇಳಿಜಾರಿಗೆ ಅಡ್ಡ, ಒಂದೇ ಮಟ್ಟದಲ್ಲಿ ತಗ್ಗು ತೋಡುತ್ತಾ ಹೋಗಬೇಕು. ಮಟ್ಟ ತಪ್ಪಿದರೆ ನೀರು ಒಂದು ಕಡೆ ಓಡಿ ಒಡ್ಡು ಒಡೀತದ. ಮಟ್ಟ ನೋಡಲು ಸಾಹೇಬರ ದುರ್ಬೀನು ಬೇಕಿಲ್ಲ. ಏಳು ಫೂಟಿನ ಎರಡು ಕೋಲು ತಗೊಳ್ರಿ. ತುದಿ ಕೂಡಿಸಿ ಕಟ್ರಿ, ಕಾಲು ಅಗಲಿಸ್ರಿ. ನಡುವೆ ಅಡ್ಡ ಒಂದು ಕೋಲು ಕಟ್ರಿ. ತುದಿಯಿಂದ ದಾರ ಇಳಿಬಿಟ್ಟು ಅದಕ್ಕೊಂದು ಕಲ್ಲು ಕಟ್ರಿ. ಈಗ ನೆಲದ ಮೇಲೆ ಅದನ್ನು ನಿಲ್ಲಿಸಿ ದಾರ ಅಡ್ಡಕೋಲನ್ನು ಎಲ್ಲಿ ಮುಟ್ಟುತ್ತದೆ ಅಂತ ಗುರುತು ಹಾಕ್ರಿ. ಕಾಲು ಅದಲು ಬದಲು ಮಾಡಿ ಅದೇ ಜಾಗದಲ್ಲಿ ನಿಲ್ಲಿಸಿ ಮತ್ತೊಂದು ಗುರುತು ಹಾಕ್ರಿ. ಎರಡು ಗುರುತಿನ ಸರಿ ನಡುವೆ ಮೂರನೆಯ ಗುರುತು. ದಾರ ಆ ನಡುವಿನ ಗುರುತಿಗೆ ಬಂದಾಗ ಎರಡೂ ಕಾಲು ಒಂದೇ ಮಟ್ಟದಲ್ಲಿ ಇರ್ತಾವ. ಹಿಂಗ ಒಂದೊಂದು ಹೆಜ್ಜೆ ಇಡುತ್ತಾ ಸುಣ್ಣ ಹಾಕಿಕೊಂಡು ಹೋಗೂದು. ಎರಡು ಮಂದಿ ಒಂದು ಮುಂಜಾನೆಯಲ್ಲಿ ಒಂದು ಎಕರೆಗೆ ಗುರುತು ಹಾಕಬಹುದು.

ಮೂರನೆಯದು ಮಣ್ಣು. ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಪಾಟಿ ತಗೊಳ್ರಿ. ಒಂದು ಎಕರೆ ಅಂದ್ರ 43,560 ಚದರ ಫೂಟು. ಅದರ ಮೇಲೆ ಮೂರು ಇಂಚು ಮಣ್ಣು ಹಾಸಬೇಕು ಅನ್ನೋಣ. ಮೂರು ಇಂಚು ಅಂದ್ರ ಕಾಲು ಫೂಟು. 43,560ರ ಕಾಲು ಭಾಗ 10,890. ಇಷ್ಟು ಘನ ಫೂಟು ಮಣ್ಣು ಬೇಕು. ನೂರು ಘನ ಫೂಟಿಗೆ ಒಂದು ಬ್ರಾಸ್. ಗರಸು ಕೊಂಡವರಿಗೆಲ್ಲ ಬ್ರಾಸ್ ಗೊತ್ತು. ಅಂದ್ರ ಒಂದು ಎಕರೆಗೆ ಸುಮಾರು 109 ಬ್ರಾಸ್ ಮಣ್ಣು! ಎಲ್ಲಿಂದ ತರ್ತೀರಿ? ಒಂದು ಹೊಲ ಕೆಡಿಸಿ ಇನ್ನೊಂದು ಹೊಲ ಮಾಡೂದು ಶಾಣ್ಯಾತನ ಅಲ್ಲ.

ಅದಕ್ಕೇ ಹೇಳೂದು, ಅಗಿಯುವ ಮೊದಲ ದಿನ ಮೇಲಿನ ಮಣ್ಣನ್ನು ಬೇರೆ ಒಟ್ಟಿ ಇಡಿಸ್ರಿ. ಒಟ್ಟಿದ ಮಣ್ಣಿನ ಮೇಲೆ ಹುರುಳಿ ಬಿತ್ರಿ, ಮಳಿಗೆ ಹರಿಯೂದಿಲ್ಲ. ಬಹಳ ಎತ್ತರ ಒಟ್ಟಬಾರದು. ಒಳಗ ಗಾಳಿ ಆಡದೆ ಮಣ್ಣಿನ ಜೀವ ಸಾಯ್ತದ. ಆಳೆತ್ತರಕ್ಕಿಂತ ಕಡಿಮೆ ಇರಲಿ. ಅಗೆತ ಮುಗಿದ ಮೇಲೆ ಅದೇ ಮಣ್ಣು ಅದೇ ನೆಲಕ್ಕೆ.

ಮಣ್ಣು ಈಗಾಗಲೇ ಹೋಗಿದ್ದರೆ ಪಟ್ಟಿ ಪಟ್ಟಿಯಾಗಿ ಕೆಲಸ ಮಾಡ್ರಿ. 12 ಫೂಟಿಗೆ ಒಂದು ಟ್ರೆಂಚು, ಅದರ ಪಕ್ಕ ಎರಡು ಫೂಟಿನ ಪಟ್ಟಿಗೆ ಮಾತ್ರ ಮಣ್ಣು. ಆಗ 109 ಬ್ರಾಸ್ ಬೇಡ. ಅದರ ಆರನೇ ಒಂದು ಪಾಲು, 18 ಬ್ರಾಸ್ ಸಾಕು. ಹುಲ್ಲು ಆ ಪಟ್ಟಿಯಿಂದ ತಾನೇ ಆಚೆ ಈಚೆ ಹಬ್ಬುತ್ತದೆ.

ಪಟ್ಟಿಗೆ ಹಾಕಲು ಎಲ್ಲಕ್ಕಿಂತ ಚಲೋ ಮಣ್ಣು ಕೆರೆಯ ಹೂಳು. ಬಬಲೇಶ್ವರ ತಾಲೂಕಿನ ಮಮದಾಪುರದ ಕೆರಿ ಆದಿಲ್‌ಶಾಹಿ ಕಾಲದ್ದು. ಅಂಥ ಹಳೆ ಕೆರೆಗಳ ತಳದಲ್ಲಿ ಕೂತದ್ದು ಏನು? ನಮ್ಮ ಹಿರಿಯರ ಹೊಲಗಳಿಂದ ತೊಳೆದು ಬಂದ ಕೆನಿಯೇ. ಗರಸಿನಲ್ಲಿ ನೀರು ನಿಲ್ಲೂದಿಲ್ಲ, ಹೂಳಿನಲ್ಲಿ ನೀರು ಬಿಡೂದಿಲ್ಲ. ಎರಡೂ ಬೆರೆತರೆ ಬೇರಿಗೆ ಹಿತ. ಈಗ ಕೆಲವು ಕೆರೆಗಳಿಗೆ ಏತ ನೀರಾವರಿಯ ನೀರು ಬರ್ತದ, ಬ್ಯಾಸಗಿಯಲ್ಲೂ ಒಣಗೂದಿಲ್ಲ. ಅದು ಸಂತೋಷದ ಮಾತೇ. ಅಂಥ ಊರಿನವರು ಹಳ್ಳದ ಬಾಂದಾರದ ಹಿಂದೆ ಕೂತ ಮಣ್ಣು ನೋಡ್ರಿ.

ಹೂಳಿನ ಜೊತೆ ತಿಪ್ಪಿ ಗೊಬ್ಬರ. ತಿಪ್ಪಿ ಗೊಬ್ಬರ ನಮ್ಮ ಹೊಲಕ್ಕೇ ಸಾಲೂದಿಲ್ಲ, ಗುಂಡಿಗೆ ಯಾರು ಹಾಕ್ತಾರ ಅಂತ ಒಬ್ಬ ತಾಯಿ ಈಗ ಅಂದರು. ಖರೆ ಮಾತು. ಹಂಗಾರ ಕುರಿ ಹಿಂಡು ನಿಲ್ಲಿಸ್ರಿ. ಹೊಲದಾಗ ನಿಲ್ಲಿಸಿದಂಗ ಗುಂಡಿಯ ಪಟ್ಟಿಯ ಮೇಲೆ ನಾಲ್ಕು ರಾತ್ರಿ ನಿಲ್ಲಿಸಿದರೆ ಹಿಕ್ಕೆ, ಉಚ್ಚೆ ಎರಡೂ ಬಿತ್ತು. ತಿಕೋಟಾ ಕಡೆ ದ್ರಾಕ್ಷಿ ಚಾಟ್ನಿ ವರ್ಷಕ್ಕೆ ಎರಡು ಸಲ ಆಗ್ತದ, ಏಪ್ರಿಲ್‌ದಾಗ ಒಮ್ಮೆ, ಅಕ್ಟೋಬರ್‌ದಾಗ ಒಮ್ಮೆ. ಕತ್ತರಿಸಿದ ಕಡ್ಡಿಗೆ ಬೆಂಕಿ ಹಚ್ತಾರ. ಆ ಕಡ್ಡಿ, ಕಬ್ಬಿನ ರವದಿ, ತೊಗರಿ ಹೊಟ್ಟು, ಎಲ್ಲಾ ಪಟ್ಟಿಯ ಮೇಲೆ ಹೊದಿಸಬಹುದು. ಬಿಸಿಲಿಗೆ ನೆಲ ಕಾಯೂದಿಲ್ಲ. ಗೆದ್ದಲು ತಿಂದರೂ ತಿನ್ನಲಿ. ಅದೂ ಮಣ್ಣು ಮಾಡುವ ಕೂಲಿಯಾಳೇ.

ಇನ್ನೊಂದು ಮಾತು. ಗಣಿ ನೆಲಕ್ಕೆ ಸುಣ್ಣ ಹಾಕಬೇಕು ಅಂತ ಕೆಲವು ಪುಸ್ತಕದಾಗ ಓದೀರಿ. ಅದು ಕಲ್ಲಿದ್ದಲು ಗಣಿಯಂಥ ಹುಳಿ ಮಣ್ಣಿಗೆ ಹೇಳಿದ್ದು. ಮಣ್ಣು ಹುಳಿಯೋ, ಕ್ಷಾರವೋ ಎಂದು ಅಳೆಯುವುದಕ್ಕೆ ರಸಸಾರ ಅಂತಾರ. ಏಳು ಬಂದರೆ ಸಮ. ಏಳಕ್ಕಿಂತ ಕಡಿಮೆ ಹುಳಿ, ಹೆಚ್ಚು ಕ್ಷಾರ. ನಮ್ಮ ಕಡೆಯ ಮಣ್ಣು ಕ್ಷಾರದ ಕಡೆ ವಾಲಿದ್ದು, ಅದರೊಳಗ ಸುಣ್ಣದ ಹರಳು ಮೊದಲೇ ಐತಿ. ಮತ್ತೆ ಸುಣ್ಣ ಹಾಕಿದರೆ ರೊಕ್ಕ ನೀರಿಗೆ ಹಾಕಿದಂಗ. ಡೋಣಿ ದಂಡೆಯ ಸವುಳು ನೆಲದಂಥಲ್ಲಿ ಜಿಪ್ಸಂ ಬೇಕಾಗಬಹುದು. ಅದನ್ನೂ ಮಣ್ಣು ಪರೀಕ್ಷೆ ಮಾಡಿಸಿಯೇ ಹಾಕಬೇಕು. ವಿಜಯಪುರ ಹತ್ತಿರದ ಹಿಟ್ಟಿನಹಳ್ಳಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೇಳ್ರಿ.

ಈಗ ಬೀಜ. ಮೊದಲ ವರ್ಷ ಮರ ಬ್ಯಾಡ. ಮೊದಲ ವರ್ಷ ಹುಲ್ಲು ಮತ್ತು ದ್ವಿದಳ ಧಾನ್ಯ. ದ್ವಿದಳ ಅಂದ್ರ ಒಡೆದರೆ ಎರಡು ಬೇಳೆ ಆಗುವ ಕಾಳು. ಹುರುಳಿ, ಮಡಿಕಿ, ಅಲಸಂದಿ, ಸೆಣಬು. ಯಾಕ ಇವೇ? ನಿಮ್ಮ ಹೊಲದ ತೊಗರಿ ಗಿಡ ಒಂದನ್ನು ಹೂ ಬಿಡುವ ಮುಂಚೆ ಮೆಲ್ಲಗೆ ಕಿತ್ತು ನೋಡ್ರಿ. ಬೇರಿನ ಮೇಲೆ ಸಣ್ಣ ಸಣ್ಣ ಗಂಟು ಕಾಣ್ತಾವ. ಒಂದು ಗಂಟು ಉಗುರಿನಿಂದ ಒಡೀರಿ. ಒಳಗೆ ನಸುಗೆಂಪು ಇದ್ದರೆ ಅದು ಕೆಲಸ ಮಾಡಾಕ ಹತ್ತೈತಿ. ಅದರೊಳಗೆ ಕಣ್ಣಿಗೆ ಕಾಣದ ಜೀವಿಗಳು ಕೂತು ಗಾಳಿಯಲ್ಲಿನ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುತ್ತವೆ. ಅಂಗಡಿಯ ಯೂರಿಯಾದಲ್ಲಿ ಇರುವುದೂ ಸಾರಜನಕವೇ. ಇದು ಪುಕ್ಕಟೆ. ಗುಂಡಿಯ ನೆಲದಲ್ಲಿ ಆ ಜೀವಿಗಳು ಸತ್ತಿರುತ್ತವೆ. ಅದಕ್ಕೆ ಬಿತ್ತುವ ಮುಂಚೆ ಬೀಜಕ್ಕೆ ರೈಜೋಬಿಯಂ ಪುಡಿಯನ್ನು ಬೆಲ್ಲದ ನೀರಿನಲ್ಲಿ ಕಲಸಿ ಸವರಬೇಕು. ನೆರಳಲ್ಲಿ ಆರಿಸಬೇಕು. ಬಿಸಿಲಿಗೆ ಇಟ್ಟರೆ ಜೀವಿ ಸಾಯ್ತದ. ಅದೇ ದಿನ ಬಿತ್ತಬೇಕು. ಸೆಣಬು ಹೂ ಬಂದಾಗ ಅಲ್ಲೇ ಕೊಯ್ದು ಮಲಗಿಸ್ರಿ. ಮನಿಗೆ ಒಯ್ಯಬ್ಯಾಡ್ರಿ.

ಹುಲ್ಲಿಗೆ ಅಂಜನ ಹುಲ್ಲು ಒಳ್ಳೆಯದು, ಬರ ತಾಳ್ತದ. ಸ್ಟೈಲೋ ಮೇವಿನ ಬೀಜವೂ ನಡೀತದ. ಈ ಬೀಜ ಹಗುರ, ಗಾಳಿಗೆ ಹಾರ್ತಾವ. ಹಸಿ ಉಸುಕಿನಲ್ಲಿ ಕಲಸಿ ಚೆಲ್ರಿ. ಮೇಲೆ ಮುಳ್ಳಿನ ಕೊಂಪೆ ಎಳೆದರೆ ಅರ್ಧ ಇಂಚು ಮಣ್ಣು ಮುಚ್ಚಿದರೆ ಸಾಕು. ಆಳಕ್ಕೆ ಹೋದರೆ ಹುಟ್ಟೂದಿಲ್ಲ. ಇತ್ತೀಚೆಗೆ ಬೀಜದ ಉಂಡೆ ಮಾಡಿ ಬಂಡೆಗಲ್ಲಿನ ಮೇಲೆ ಎಸೆಯುವ ಪದ್ಧತಿ ಬಂದೈತಿ. ಸಾಲಿ ಮಕ್ಕಳಿಗೆ ಖುಷಿ. ಕೆದರದ ನೆಲಕ್ಕೆ ಎಸೆದ ಉಂಡೆ ಇರುವೆಗೆ ಊಟ, ಅಷ್ಟೇ. ನೆಲ ಕೆದರಿ ಉಂಡೆ ಇಟ್ಟರೆ ಬೇರೆ ಮಾತು.

ಎರಡನೆಯ ವರ್ಷ ಮುಂಗಾರಿಗೆ ಮರದ ಬೀಜ. ಬೇವು, ಹೊಂಗೆ, ಜಾಲಿ, ಬನ್ನಿ, ಬಾರಿ, ಕಮರ, ಸೀತಾಫಲ, ಬದಿಗೆ ತಂಗಡಿ. ಇವೆಲ್ಲ ನಮ್ಮ ಬಿಸಿಲು ಕಂಡ ಗಿಡ. ಬೇವಿನ ಬೀಜ ಬಹಳ ದಿನ ಉಳಿಯೂದಿಲ್ಲ. ಬಿದ್ದ ಎರಡು ಮೂರು ವಾರದೊಳಗ ಬಿತ್ತಬೇಕು. ಜಾಲಿ, ತಂಗಡಿ ಬೀಜಕ್ಕೆ ತೊಗಟೆ ಗಟ್ಟಿ. ನೀರು ಕುದಿಸಿ ಒಲೆಯಿಂದ ಇಳಿಸಿ, ಆ ನೀರಿಗೆ ಬೀಜ ಹಾಕಿ ರಾತ್ರಿಯೆಲ್ಲ ಬಿಡ್ರಿ. ಮುಂಜಾನೆ ಉಬ್ಬಿದ ಬೀಜ ಬಿತ್ತಾಕ ತಯಾರು. ಒಲೆ ಮೇಲೆ ಇಟ್ಟು ಕುದಿಸಬ್ಯಾಡ್ರಿ ಮತ್ತ, ಪಲ್ಯ ಆದೀತು! ಆಡು ತಿಂದು ಹಾಕಿದ ಹಿಕ್ಕೆಯಲ್ಲಿನ ಜಾಲಿ ಬೀಜ ಬೇಗ ಮೊಳೀತದ. ಅದರ ಹೊಟ್ಟೆಯಲ್ಲಿ ತೊಗಟೆ ಮೆತ್ತಗಾಗಿರ್ತದ.

ಬಳ್ಳಾರಿ ಜಾಲಿ ಮಾತ್ರ ಬಿತ್ತಬ್ಯಾಡ್ರಿ. ಅದನ್ನು ಯಾರೂ ಬಿತ್ತುವ ಕಾರಣವೂ ಇಲ್ಲ, ತಾನೇ ಬರ್ತದ. ಕಟ್ಟಿಗೆಗೆ ಆಗ್ತದ ಅನ್ನೂದು ಖರೆ. ಆದ್ರ ಅದರ ಕೆಳಗ ಹುಲ್ಲು ಬೆಳೆಯಲು ಬಿಡೂದಿಲ್ಲ. ನಮಗೆ ಬೇಕಾದದ್ದು ಹುಲ್ಲು.

ಬರೀ ಬಂಡೆ ಉಳಿದ ಖಣಿಯಲ್ಲಿ ಇದೆಲ್ಲ ನಡೆಯುತ್ತದೆಯೆ? ಆಫ್ರಿಕಾ ಖಂಡದ ಕೀನ್ಯಾ ದೇಶದಲ್ಲಿ ಮೊಂಬಾಸಾ ಅಂತ ಸಮುದ್ರ ದಂಡೆಯ ಊರು. ಅಲ್ಲಿ ಸಿಮೆಂಟ್ ಕಾರ್ಖಾನೆಯವರು ಸುಣ್ಣಕಲ್ಲು ತೆಗೆದು ತೆಗೆದು ಬಂಡೆ ಉಳಿಸಿದ್ದರು. ರೆನೆ ಹ್ಯಾಲರ್ ಎಂಬ ಕೃಷಿ ತಜ್ಞರು 1971ರಲ್ಲಿ ಅಲ್ಲಿ ಗಿಡ ಹಚ್ಚಲು ಶುರು ಮಾಡಿದರು. 26 ಜಾತಿಯ ಗಿಡ ಹಚ್ಚಿ ನೋಡಿದರು. ಉಳಿದದ್ದು ಮೂರೇ ಜಾತಿ. ಅದರಲ್ಲಿ ಒಂದು ಗಾಳಿ ಮರ. ಅದರ ಬೇರಿನಲ್ಲೂ ತೊಗರಿಯಂತೆ ಗಂಟು ಇರ್ತಾವ. ಮರ ಬೆಳೆದವು, ಎಲೆ ಉದುರಿತು. ಆದರೆ ಎಲೆ ಕೊಳೆಯಲೇ ಇಲ್ಲ. ಒಣಗಿ ಹಾಸಿಗೆಯಂತೆ ಬಿದ್ದುಕೊಂಡಿತು. ಆಗ ಅವರು ಒಂದು ಹುಳ ಕಂಡರು. ಮುಟ್ಟಿದರೆ ಸುರುಳಿ ಸುತ್ತಿಕೊಳ್ಳುವ ಸಾವಿರ ಕಾಲಿನ ಹುಳ. ನಮ್ಮಲ್ಲೂ ಮಳಿಗಾಲದಲ್ಲಿ ಗೋಡೆ ಹತ್ತುತ್ತದೆ. ಅದು ಆ ಎಲೆ ತಿಂದು ಹಿಕ್ಕೆ ಹಾಕುತ್ತಿತ್ತು. ಆ ಹುಳಗಳನ್ನು ತಂದು ತಂದು ಬಿಟ್ಟರು. ಹಿಕ್ಕೆಯೇ ಮಣ್ಣಾಯಿತು. ಆ ಮಣ್ಣಿನಲ್ಲಿ ಬೇರೆ ಮರ ಬಂದವು. ಈಗ ಅಲ್ಲಿ ಜಿರಾಫೆ, ನೀರಾನೆ ಇರುವ ತೋಟ ಐತಿ. ಅದಕ್ಕೆ ಹ್ಯಾಲರ್ ಪಾರ್ಕ್ ಅಂತಲೇ ಹೆಸರು. ನಮಗೆ ನೀರಾನೆ ಬ್ಯಾಡ. ಎರಡು ಎಮ್ಮಿಗೆ ಹುಲ್ಲು ಬಂದರೆ ಸಾಕು.

ಆಳವಾದ ಕಲ್ಲಿನ ಖಣಿ ತುಂಬಿಸುವುದು ಆಗದ ಮಾತು. ನೀರು ನಿಂತರೆ ನಿಲ್ಲಲಿ, ದನಕ್ಕೆ ಆಗ್ತದ. ಆದರೆ ಒಂದು ಕಡೆ ಇಳಿಜಾರಿನ ದಾರಿ ಇರಲೇಬೇಕು. ಉಳಿದ ಮೂರು ಕಡೆ ಕಲ್ಲಿನ ಕಟ್ಟಿ, ಅದರ ಹೊರಗೆ ಕತ್ತಾಳಿ. ಈಜಲು ಇಳಿದ ಮಕ್ಕಳಿಗೆ ನೆಟ್ಟನೆಯ ಬಂಡೆ ಹಿಡಿಯಲು ಸಿಗುವುದಿಲ್ಲ. ಇದನ್ನು ತಾಯಂದಿರಿಗೆ ಬಿಡಿಸಿ ಹೇಳಬೇಕಿಲ್ಲ.

ಇನ್ನು ಆಡಿನ ವಿಷಯ. ಇದು ಕಷ್ಟದ ವಿಷಯ. ಮೂರು ವರ್ಷ ಆಡು, ದನ ಬಿಡಬಾರದು. ಬಿಟ್ಟರೆ ಮಾಡಿದ್ದೆಲ್ಲ ಒಂದು ಮಧ್ಯಾಹ್ನದಲ್ಲಿ ಮುಗೀತದ. ಆದರೆ ಆಡು ಯಾರದು? ಹೊಲ ಇದ್ದವರದಲ್ಲ. ಎರಡು ಆಡು ಮಾರಿ ಮಗಳ ಸಾಲಿ ಫೀ ಕಟ್ಟುವ ಅಕ್ಕನದು. ಗರಸು ಮಾರಿದ ರೊಕ್ಕ ಒಬ್ಬನಿಗೆ, ಆಡು ಕಟ್ಟಿಹಾಕುವ ಶಿಕ್ಷೆ ಇನ್ನೊಬ್ಬಳಿಗೆ ಅಂದರೆ ಯಾವ ನ್ಯಾಯ? ಅದಕ್ಕೆ ಗಾಯರಾಣವನ್ನು ಒಮ್ಮೆಲೇ ಮುಚ್ಚಬ್ಯಾಡ್ರಿ. ಅರ್ಧ ಮುಚ್ರಿ, ಅರ್ಧ ತೆರೆದಿಡ್ರಿ. ಮುಚ್ಚಿದ ಅರ್ಧದಲ್ಲಿ ಎರಡನೆಯ ವರ್ಷದಿಂದ ಹುಲ್ಲು ಕೊಯ್ದು ಹೊರೆ ಒಯ್ಯಲು ಬಿಡ್ರಿ. ಮೊದಲ ಹಕ್ಕು ಹೊಲ ಇಲ್ಲದವರಿಗೆ. ಇದನ್ನು ಬಾಯಿಮಾತಿನಲ್ಲಿ ಬಿಡದೆ ಗ್ರಾಮಸಭೆಯ ಠರಾವಿನಲ್ಲಿ ಬರೆಸ್ರಿ. ಬರೆದದ್ದನ್ನು ಸಹಿ ಮಾಡುವ ಮುಂಚೆ ಓದ್ರಿ. ಈಗ ನಿಮಗೆ ಓದಲು ಬರ್ತದ.

ಓದುವ ಕಾಗದ ಇನ್ನೂ ಅದಾವ. ಗರಸು, ಕಟ್ಟಡದ ಕಲ್ಲು, ಉಸುಕು ಇವಕ್ಕೆ ಸರ್ಕಾರದ ಭಾಷೆಯಲ್ಲಿ ಉಪಖನಿಜ ಅಂತಾರ. ಇವನ್ನು ತೆಗೆಯಲು ಕರ್ನಾಟಕದಲ್ಲಿ 1994ರ ನಿಯಮಗಳು ಅದಾವ. ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಪರವಾನಗಿ ಬೇಕು. ಸುಪ್ರೀಂ ಕೋರ್ಟು 2020ರ ಜನವರಿ 8ರಂದು ಇನ್ನೊಂದು ಆದೇಶ ಕೊಟ್ಟಿತು. ಗಣಿ ಗುತ್ತಿಗೆ ಹಿಡಿದವರು ಗಣಿ ಮುಗಿದ ಮೇಲೆ ಆ ನೆಲದಲ್ಲಿ ಮತ್ತೆ ಹುಲ್ಲು ಬೆಳೆಸಬೇಕು. ಮೇವು, ಗಿಡ, ಪ್ರಾಣಿ ಬದುಕುವಂಥ ಸ್ಥಿತಿಗೆ ನೆಲವನ್ನು ತರಬೇಕು. ಈ ಷರತ್ತನ್ನು ಗುತ್ತಿಗೆಯ ಕಾಗದದಲ್ಲೇ ಸೇರಿಸಬೇಕು. ಕೋರ್ಟು ಹುಲ್ಲಿನ ಮಾತು ಆಡಿತು ನೋಡ್ರಿ. ದನ ಕಾಯುವವರ ಮಾತು ದಿಲ್ಲಿಗೆ ಮುಟ್ಟಿದಂಗಾತು.

ಹಂಗಾರ ನೀವು ಕೇಳಬೇಕಾದದ್ದು ಇಷ್ಟು. ನಮ್ಮೂರಲ್ಲಿ ಅಗಿಯಲು ಯಾರಿಗೆ ಪರವಾನಗಿ ಕೊಟ್ಟೀರಿ? ಎಷ್ಟು ಜಾಗಕ್ಕೆ, ಎಂದಿನವರೆಗೆ? ಮುಗಿದ ಮೇಲೆ ನೆಲ ಸರಿಪಡಿಸುವ ಷರತ್ತು ಏನಿದೆ? ಇದನ್ನು ಒಂದು ಹಾಳೆಯಲ್ಲಿ ಬರೀರಿ. ಮಾಹಿತಿ ಹಕ್ಕು ಕಾಯ್ದೆ 2005ರ ಪ್ರಕಾರ ಅರ್ಜಿಗೆ 10 ರೂಪಾಯಿ ಶುಲ್ಕ. ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕು. ಅಕ್ಷರ ವಕ್ರ ಬಂದರೆ ನಾಚಿಕೊಳ್ಳಬ್ಯಾಡ್ರಿ. ಅರ್ಜಿ ತಿಳಿದರೆ ಸಾಕು, ಚಂದ ಇರಬೇಕಿಲ್ಲ.

ಮುಂದಿನ ವಾರ ಬರುವಾಗ ಎರಡು ಚೀಟಿ ಕಟ್ಟಿಕೊಂಡು ಬರ್ರಿ. ಒಂದರಲ್ಲಿ ನಿಮ್ಮೂರ ಗುಂಡಿಯ ತಳದ ಒಂದು ಬೊಗಸೆ ಗರಸು. ಇನ್ನೊಂದರಲ್ಲಿ ನಿಮ್ಮ ಹೊಲದ ಒಂದು ಬೊಗಸೆ ಮಣ್ಣು. ಚೀಟಿಯ ಮೇಲೆ ಊರಿನ ಹೆಸರು, ಜಾಗದ ಹೆಸರು ನೀವೇ ಬರೀಬೇಕು. ನಾನು ಗಾಜಿನ ಬಾಟ್ಲಿ ತರ್ತೀನಿ. ನೀರು ಹಾಕಿ ಅಲುಗಾಡಿಸಿ ಕಿಟಕಿಯಲ್ಲಿ ಇಡೋಣ. ಮರುದಿನ ಹೊತ್ತಿಗೆ ತಳದಲ್ಲಿ ಉಸುಕು, ನಡುವೆ ನುಣ್ಣನೆಯ ಮಣ್ಣು, ಮೇಲೆ ಜಿಗಟು ಮಣ್ಣು, ನೀರಿನ ಮೇಲೆ ತೇಲುವ ಕಸಕಡ್ಡಿ, ಬೇರೆ ಬೇರೆ ಕಾಣ್ತಾವ. ಯಾರ ಬಾಟ್ಲಿಯಲ್ಲಿ ಯಾವುದು ಎಷ್ಟು ಬೆರಳು ಐತಿ ಅಂತ ಅಳೆದು ಗೋಡೆಯ ಮೇಲಿನ ಹಾಳೆಯಲ್ಲಿ ಬರೆಯೋಣ. ಯಾವ ಗುಂಡಿಗೆ ಎಷ್ಟು ಹೂಳು ಬೇಕು ಅನ್ನುವ ಲೆಕ್ಕ ಅದರ ಮೇಲೆ ಹಾಕೋಣ.